ಬೆಂಗಳೂರಿನ ಉದ್ಯಾನಗಳು ಮತ್ತು ಉಪಾಹಾರಗೃಹಗಳು

ಪರಸ್ಥಳದಿಂದ ಬಂದ ಅತಿಥಿಗೆ ಬೆಂಗಳೂರನ್ನು ತೋರಿಸಬೇಕಾಗಿ ಬಂದಾಗ ನಮ್ಮಲ್ಲಿ ಬಹುಮಂದಿ ಒಂದು ಬಗೆಯ ಸಂಕೋಚಕ್ಕೆ ಒಳಗಾಗುವುದುಂಟು. ಮೈಸೂರಿಗೆ ಅರಮನೆಯುಂಟು, ಹಂಪೆಗೆ ಹಾಳಾದರೂ ಮಾಸದ ವೈಭವವುಂಟು, ಬೇಲೂರು ಹಳೆಯಬೀಡುಗಳಿಗೆ ಶಿಲ್ಪಸಂಪತ್ತುಂಟು. ಬೆಂಗಳೂರಿಗೆ ಏನುಂಟು? ಸ್ವಲ್ಪ ಹೊತ್ತು ತಡವರಿಸಿ, ಕಡೆಗೆ "ಲಾಲ್‌ಬಾಗನ್ನು ನೋಡಿ, ಕಬ್ಬನ್ ಪಾರ್ಕಿನಲ್ಲಿ ಅಡ್ಡಾಡಿ, ಎಲ್ಲಾದರೂ ಒಂದು ಮಸಾಲೆ ದೋಸೆ ತಿಂದು ಬನ್ನಿ" ಎಂದು ಹೇಳಿ ಮುಗಿಸಿಬಿಡುತ್ತೇವೆ. ಹೇಳುವಾಗ ನಮ್ಮ ಧ್ವನಿಯಲ್ಲಿ ಕ್ಷಮೆ ಬೇಡುವವನ ಛಾಯೆಯಿರುತ್ತದೆ.

ಈ ಸಂಕೋಚಕ್ಕೆ ಕಾರಣವಿಲ್ಲವೆಂಬುದೇ ನನ್ನ ಇಂದಿನ ಮಾತಿನ ಸಾರಾಂಶ. ಅರಮನೆಯನ್ನು ನೋಡಿದವನು ಅರಸರ ವಿಷಯವನ್ನು ತಿಳಿಯುತ್ತಾನೆ. ದೇವಾಲಯವನ್ನು ನೋಡಿದವನು ಶಿಲ್ಪಿಯ ಮತ್ತು ಭಕ್ತನ ವಿಷಯವನ್ನು ತಿಳಿಯುತ್ತಾನೆ. ಒಂದು ಊರಿನ ಜನ ಪರಸ್ಪರ ಹೇಗೆ ಬಾಳುತ್ತಾರೆ, ಗುರುತು ಪರಿಚಯವಿಲ್ಲದವನ ಪಕ್ಕದಲ್ಲಿ ಹೇಗೆ ಕುಳಿತುಕೊಳ್ಳುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಅವರು ಗಾಳಿ ಸೇವಿಸುವ ತೋಟಕ್ಕೂ ತಿಂಡಿ ತಿನ್ನುವ ಮನೆಗೂ ಹೋಗಬೇಕು. ಬೆಂಗಳೂರು ಈ ಎರಡು ಬಗೆಯ ಸ್ಥಳಗಳಲ್ಲಿ ಸಂಪನ್ನವಾದ ನಗರ. ಅವು ಯಾವ ಯಾವ ಕಾಲದಲ್ಲಿ, ಯಾವ ಯಾವ ಕಾರಣದಿಂದ ಹುಟ್ಟಿದವು, ಅವುಗಳ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಮೊದಲು ಊರಿನ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ಬೆಂಗಳೂರು ಬಹುಕಾಲ ಒಂದು ಊರಾಗಿರಲಿಲ್ಲ, ಎರಡು ಊರಾಗಿತ್ತು. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದ ಕೋಟೆ ಮತ್ತು ಪೇಟೆ ಒಂದು. ಬಳೇಪೇಟೆ, ಅರಳೇಪೇಟೆ, ಅಕ್ಕಿಪೇಟೆ ಎಂದು ಕಸುಬು ವ್ಯಾಪಾರಗಳ ಹೆಸರನ್ನು ಹೊತ್ತ ಬೀದಿಗಳು ಅಲ್ಲಿ ಇಂದಿಗೂ ಇವೆ. ೧೮೦೯ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಬಂದು ಹಲಸೂರಿನ ಬಳಿ ಬೀಡುಬಿಟ್ಟಿತಲ್ಲ, ಆ ದಂಡುಪ್ರದೇಶ ಮತ್ತೊಂದು. ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದ ಮೇಲೂ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಹಿಂದಿರುಗಿದ್ದು ೧೯೪೭ರಲ್ಲಿ. ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆದದ್ದು ೧೯೪೯ರಲ್ಲಿ. ಭಾಷೆ, ಉಡುಪು, ಆಹಾರ, ಆಡಳಿತ ಎಲ್ಲವೂ ಬೇರೆಬೇರೆಯಾಗಿದ್ದ ಈ ಎರಡು ಊರುಗಳ ನಡುವೆ ಹಸುರಾದ ಒಂದು ಅಂತರವಿತ್ತು. ಅದೇ ಕಬ್ಬನ್ ಪಾರ್ಕು.

ಆದರೆ ವಯಸ್ಸಿನಲ್ಲಿ ಹಿರಿಯದು ಲಾಲ್‌ಬಾಗು. ಹೈದರಾಲಿಯು ೧೭೬೦ರ ಸುಮಾರಿಗೆ ಪೇಟೆಯ ದಕ್ಷಿಣದಲ್ಲಿ ಸುಮಾರು ೪೦ ಎಕರೆ ನೆಲದಲ್ಲಿ ತನ್ನ ವಿನೋದಕ್ಕಾಗಿ ಇದನ್ನು ಆರಂಭಿಸಿದನು. ಸಿರಾದಲ್ಲಿ ಮೊಗಲರ ರೀತಿಯ ಒಂದು ತೋಟವಿತ್ತೆಂದೂ ಅದೇ ಅವನಿಗೆ ಮೇಲ್ಪಂಕ್ತಿಯಾಯಿತೆಂದೂ ಹೇಳುತ್ತಾರೆ. ಮಗನಾದ ಟಿಪ್ಪು ಸುಲ್ತಾನನು ದೂರದೇಶಗಳಿಂದ ಸಸಿಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. ೧೭೯೯ರ ನಂತರ ಹಲವು ಕೈಗಳನ್ನು ದಾಟಿ, ೧೮೫೬ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. ಅರಸನ ತೋಟ ಶಾಸ್ತ್ರಜ್ಞನ ತೋಟವಾದದ್ದು ಆಗ. ಇಂದು ಅದರ ವಿಸ್ತೀರ್ಣ ೨೪೦ ಎಕರೆ.

ಸಸ್ಯೋದ್ಯಾನಕ್ಕೂ ಸಾಮಾನ್ಯ ತೋಟಕ್ಕೂ ಇರುವ ಭೇದವನ್ನು ನಾವು ಅನೇಕವೇಳೆ ಮರೆಯುತ್ತೇವೆ. ಸಾಮಾನ್ಯ ತೋಟದಲ್ಲಿ ಗಿಡವಿರುವುದು ನೋಡುವುದಕ್ಕೆ. ಸಸ್ಯೋದ್ಯಾನದಲ್ಲಿ ಗಿಡವಿರುವುದು ಪರೀಕ್ಷೆಗೆ. ಪರದೇಶದ ಸಸ್ಯವೊಂದು ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗುವುದೇ, ಅದರಿಂದ ರೈತನಿಗೆ ಪ್ರಯೋಜನವುಂಟೇ ಎಂಬುದನ್ನು ಅಲ್ಲಿ ಮೊದಲು ತಿಳಿದುಕೊಂಡು ಆಮೇಲೆ ನಾಡಿಗೆ ಹಂಚುತ್ತಾರೆ. ೧೮೭೪ರಿಂದ ೧೯೦೮ರವರೆಗೆ ಇಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅವರು ಈ ಕೆಲಸವನ್ನು ಬಹು ಶ್ರದ್ಧೆಯಿಂದ ನಡೆಸಿದರು. ಅವರ ಕಾಲದಲ್ಲಿ ಹಾಗೆ ಬಂದು ನೆಲೆಸಿದ ಒಂದು ಬಳ್ಳಿ ಸೀಮೆಬದನೆ. ಅಮೆರಿಕಾ ಖಂಡದ ಈ ತರಕಾರಿ ಎಷ್ಟರಮಟ್ಟಿಗೆ ನಮ್ಮದಾಯಿತೆಂದರೆ, ನೆರೆಯ ತಮಿಳರು ಅದನ್ನು 'ಬೆಂಗಳೂರು ಕತ್ತರಿಕಾಯಿ' ಎಂದೇ ಕರೆಯುತ್ತಾರೆ. ಇಂದು ಹೋಟೆಲಿನ ಸಾಗುವಿನಲ್ಲಿ ಸೀಮೆಬದನೆಯ ಹೋಳನ್ನು ತಿನ್ನುವವನು ಲಾಲ್‌ಬಾಗಿನ ಪ್ರಯೋಗವೊಂದರ ಫಲವನ್ನೇ ತಿನ್ನುತ್ತಿದ್ದಾನೆ. ಉದ್ಯಾನಕ್ಕೂ ಉಪಾಹಾರಕ್ಕೂ ಸಂಬಂಧವೇನು ಎಂದು ಯಾರಾದರೂ ಕೇಳಿದರೆ ಈ ಒಂದು ಉದಾಹರಣೆ ಸಾಕು.

ಕ್ಯಾಮೆರಾನರ ಕಾಲದಲ್ಲಿಯೇ, ೧೮೮೯ರಲ್ಲಿ, ಗಾಜಿನ ಮನೆಯ ಅಸ್ತಿಭಾರ ಬಿದ್ದಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಕಟ್ಟಡವೇ ಅದಕ್ಕೆ ಮಾದರಿ. ಆ ಮೂಲಕಟ್ಟಡ ೧೯೩೬ರಲ್ಲಿ ಬೆಂಕಿಗೆ ಆಹುತಿಯಾಯಿತು, ನಮ್ಮದು ನಿಂತಿದೆ. ಗಣರಾಜ್ಯೋತ್ಸವದ ವೇಳೆ ಒಮ್ಮೆ, ಸ್ವಾತಂತ್ರ್ಯೋತ್ಸವದ ವೇಳೆ ಒಮ್ಮೆ, ವರ್ಷಕ್ಕೆ ಎರಡು ಸಲ ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅತಿಥಿಗೆ ಜನಸಂದಣಿ ಪ್ರಿಯವಾದರೆ ಆಗ ಕರೆದುಕೊಂಡು ಹೋಗಬಹುದು. ಗಿಡಮರಗಳು ಪ್ರಿಯವಾದರೆ ಬೇರೆ ದಿನ, ಬೆಳಗಿನ ಹೊತ್ತಿನಲ್ಲಿ ಹೋಗುವುದು ಲೇಸು.

ಕ್ಯಾಮೆರಾನರ ತರುವಾಯ ಬಂದವರು ಜರ್ಮನಿಯ ಕ್ರುಂಬಿಗಲ್ ಅವರು. ೧೯೦೮ರಿಂದ ೧೯೩೨ರವರೆಗೆ ಲಾಲ್‌ಬಾಗಿನ ಆಡಳಿತ ಅವರ ಕೈಯಲ್ಲಿತ್ತು. ಅವರು ತೋಟದ ಬೇಲಿಯನ್ನು ದಾಟಿ ಊರಿನ ಬೀದಿಗಳಿಗೆ ಬಂದರು ಎಂಬುದೇ ಅವರ ಹಿರಿಮೆ. ಬೀದಿಯ ಇಕ್ಕೆಲಗಳಲ್ಲಿ ಹೂವಿನ ಮರಗಳನ್ನು ನೆಡುವಾಗ, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಮತ್ತೊಂದು ಅರಳುವಂತೆ, ಋತುವಿಗೆ ಋತು ಸರದಿಯಾಗಿ ಊರು ಬಣ್ಣವನ್ನು ಬದಲಾಯಿಸುವಂತೆ ಅವರು ಯೋಚಿಸಿದರು. ಆ ಯೋಚನೆಯ ಫಲವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ಮೊದಲನೆಯ ಭಾರತೀಯ ಮೇಲ್ವಿಚಾರಕರಾದ ಜವರಾಯರೂ, ಆಮೇಲೆ ಮರೀಗೌಡರೂ ಈ ಪರಂಪರೆಯನ್ನು ಮುಂದುವರಿಸಿದರು.

ಲಾಲ್‌ಬಾಗಿನಲ್ಲಿ ಹೂವಿಗಿಂತಲೂ ಮರಕ್ಕಿಂತಲೂ ಹಳೆಯದಾದ ವಸ್ತುವೊಂದಿದೆ. ಬಹುಮಂದಿ ಅದರ ಮೇಲೆ ಕುಳಿತು ಕಡಲೆಕಾಯಿ ತಿಂದು ಎದ್ದುಬರುತ್ತಾರೆ. ಅದು ಅಲ್ಲಿನ ಬಂಡೆ. ಭೂಗರ್ಭಶಾಸ್ತ್ರಜ್ಞರ ಗಣನೆಯಂತೆ ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಭೂಮಿಯ ಮೇಲೆ ಪ್ರಾಣಿಗಳೆಂಬುವು ಕಾಣಿಸಿಕೊಳ್ಳುವುದಕ್ಕೆ ಬಹು ಹಿಂದೆಯೇ ಅದು ಕಲ್ಲಾಗಿತ್ತು. ಸರ್ಕಾರದ ಭೂಗರ್ಭ ಇಲಾಖೆಯು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವಿದೆ. ಊರಿನ ನಾಲ್ಕು ದಿಕ್ಕುಗಳಲ್ಲಿ ನಿಲ್ಲಿಸಿದ ಇಂಥ ಗೋಪುರಗಳಾಚೆಗೆ ಊರು ಬೆಳೆಯಲಾರದೆಂದು ಹಿಂದಿನವರು ಭಾವಿಸಿದ್ದರಂತೆ. ೨೦೧೧ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು ೮೪ ಲಕ್ಷ. ಬಂಡೆಯ ಮೇಲೆ ನಿಂತು ಸುತ್ತ ನೋಡಿದವನಿಗೆ ಆ ಭಾವನೆ ಎಷ್ಟರಮಟ್ಟಿಗೆ ಸುಳ್ಳಾಯಿತೆಂಬುದು ಬೇರೆಯವರು ಹೇಳದೆಯೇ ತಿಳಿಯುತ್ತದೆ.

ಇನ್ನು ಕಬ್ಬನ್ ಪಾರ್ಕು. ಲಾಲ್‌ಬಾಗು ಅರಸನ ತೋಟವಾಗಿ ಹುಟ್ಟಿ ಕ್ರಮೇಣ ಜನರದಾಯಿತು. ಇದು ಆರಂಭದಿಂದಲೇ ಸಾರ್ವಜನಿಕ ಉದ್ಯಾನ. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರು ೧೮೭೦ರಲ್ಲಿ ಸುಮಾರು ೧೦೦ ಎಕರೆ ನೆಲದಲ್ಲಿ ಇದನ್ನು ರೂಪಿಸಿದರು. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಎಂಬ ಹೆಸರು. ಆಮೇಲೆ ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷವಾದ ೧೯೨೭ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಕಾಗದಪತ್ರಗಳಲ್ಲಿ ಇಂದಿಗೂ ಅದೇ ಹೆಸರು. ಆಟೋ ಚಾಲಕನಿಗೆ ಹೇಳುವಾಗ ಮಾತ್ರ ಕಬ್ಬನ್ ಪಾರ್ಕು ಎಂದರೇ ಕ್ಷೇಮ.

ಉದ್ಯಾನದ ಒಂದು ಅಂಚಿನಲ್ಲಿ ಕೆಂಪುಬಣ್ಣದ ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿ ೧೮೬೮ರಲ್ಲಿ ಮುಗಿದ ಈ ಸೌಧದಲ್ಲಿ ಈಗ ಉಚ್ಚ ನ್ಯಾಯಾಲಯವಿದೆ. ೧೯೮೦ರ ದಶಕದಲ್ಲಿ ಇದನ್ನು ಕೆಡವಿಬಿಡುವ ಯೋಚನೆಯಾಗಿದ್ದಿತು. ನಾಗರಿಕರು ನ್ಯಾಯಾಲಯದ ಮೊರೆಹೊಕ್ಕದ್ದರಿಂದ ಅದು ಉಳಿಯಿತು. ಎದುರಿಗೆ ೧೯೫೬ರಲ್ಲಿ ಪೂರ್ಣವಾದ ವಿಧಾನಸೌಧ. ಉದ್ಯಾನದ ಒಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ. ಕಸ್ತೂರಬಾ ರಸ್ತೆಯ ಕಡೆಗೆ ಸರ್ಕಾರಿ ವಸ್ತುಸಂಗ್ರಹಾಲಯವೂ, ೧೯೬೨ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಇವೆ. ಮಕ್ಕಳಿರುವ ಮನೆಯವರಿಗೆ ಎರಡನೆಯದು ಅತ್ಯಂತ ಉಪಯುಕ್ತ.

ಮೊದಲನೆಯದರ ಸಂಗ್ರಹಕ್ಕೆ ಸೇರಿದ ಒಂದು ಕಲ್ಲಿನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಅದು ಮದ್ದೂರಿನ ಕಡೆಯ ಆತಕೂರಿನಿಂದ ಬಂದ ಶಾಸನ. ಹತ್ತನೆಯ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಗಂಗರಾಜನಾದ ಬೂತುಗನ ಪಕ್ಷದಲ್ಲಿ ಹೋರಾಡಿದ ಮಣಲೇರನೆಂಬ ವೀರನಿಗೆ ಬೇಕಾದ ವರವನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇದು. ನಾಯಿಯೂ ಹಂದಿಯೂ ಹೋರಾಡುವ ಚಿತ್ರವನ್ನು ಅದರಲ್ಲಿ ಕೆತ್ತಿದ್ದಾರೆ. ರಾಜ್ಯಗಳ ಗತಿಯನ್ನು ತಿರುಗಿಸಿದ ಯುದ್ಧವೂ ಒಂದು ನಾಯಿಯ ಮರಣವೂ ಒಂದೇ ಕಲ್ಲಿನ ಮೇಲೆ ನಿಂತಿರುವ ಇಂಥ ದಾಖಲೆ ಅಪರೂಪ. ಬೆಂಗಳೂರಿನಲ್ಲಿ ನೋಡತಕ್ಕದ್ದೇನೂ ಇಲ್ಲ ಎನ್ನುವ ಅತಿಥಿಗೆ ಇದೊಂದು ಕಥೆಯನ್ನು ಹೇಳಿ ನೋಡಬಹುದು.

ಈಗ ಉಪಾಹಾರಗೃಹಗಳ ವಿಷಯಕ್ಕೆ ಬರೋಣ. ಹೋಟೆಲಿನಲ್ಲಿ ತಿನ್ನುವುದು ಇಂದು ಎಷ್ಟು ಸಹಜವಾಗಿದೆಯೆಂದರೆ, ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಅದು ಅನಾಚಾರವಾಗಿತ್ತೆಂಬುದನ್ನು ನಂಬುವುದೇ ಕಷ್ಟ. ಪ್ರಯಾಣಿಕನು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದನು. ಇಲ್ಲವೇ ತನ್ನ ಜಾತಿಯವರ ಮನೆಯನ್ನೋ ಛತ್ರವನ್ನೋ ಹುಡುಕಿಕೊಳ್ಳುತ್ತಿದ್ದನು. ಅನ್ನವನ್ನು ಹಣಕ್ಕೆ ಮಾರುವುದೇ ಪಾಪವೆಂಬ ಭಾವನೆಯಿತ್ತು. ಕಚೇರಿ, ಕಾಲೇಜು, ಗಿರಣಿಗಳು ಹೆಚ್ಚಿ, ಒಂಟಿಯಾಗಿ ಊರಿಗೆ ಬರುವ ಯುವಕರು ಹೆಚ್ಚಿದ ಮೇಲೆ ಈ ಕಟ್ಟು ಸಡಿಲವಾಯಿತು. ಉಡುಪಿಯ ಕಡೆಯಿಂದ ಬಂದ ಅಡಿಗೆಯವರು ಆ ಅವಕಾಶವನ್ನು ಕಂಡುಕೊಂಡರು.

ಹಾಗೆ ಬಂದ ಮೈಯ ಸಹೋದರರು ೧೯೨೪ರಲ್ಲಿ ಲಾಲ್‌ಬಾಗಿಗೆ ಸಮೀಪದಲ್ಲಿ ಒಂದು ಪುಟ್ಟ ಉಪಾಹಾರಗೃಹವನ್ನು ತೆರೆದರು. ಅದರ ಮೊದಲಿನ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಇಂದು ಎಂ.ಟಿ.ಆರ್. ಎಂಬ ಮೂರಕ್ಷರದಿಂದ ಪ್ರಸಿದ್ಧವಾಗಿರುವ ಮಾವಳ್ಳಿ ಟಿಫಿನ್ ರೂಮ್ಸ್ ಅದೇ. ಯಜ್ಞನಾರಾಯಣ ಮೈಯರು ೧೯೫೧ರಲ್ಲಿ ಯೂರೋಪಿನ ಪ್ರವಾಸ ಮಾಡಿ ಅಲ್ಲಿನ ಭೋಜನಗೃಹಗಳ ಶುಚಿತ್ವವನ್ನು ಕಂಡುಬಂದು, ತಮ್ಮ ಅಡಿಗೆಮನೆಯ ಕ್ರಮವನ್ನೂ ಪಾತ್ರೆ ತೊಳೆಯುವ ಕ್ರಮವನ್ನೂ ತಿದ್ದಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತುಹೋದಾಗ, ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡುವ ಪ್ರಯೋಗ ತಮ್ಮಲ್ಲಿ ನಡೆಯಿತೆಂದು ಈ ಸಂಸ್ಥೆಯವರು ಹೇಳುತ್ತಾರೆ. ಅಭಾವದಲ್ಲಿ ಹುಟ್ಟಿದ ಆ ತಿಂಡಿ ಅಭಾವ ಕಳೆದ ಮೇಲೂ ಉಳಿದುಕೊಂಡಿತು.

೧೮೯೮ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ನೆಲೆಸಿದರು. ಬಸವನಗುಡಿಯ ಗಾಂಧಿಬಜಾರಿನಲ್ಲಿ ೧೯೪೩ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು, ಹೆಸರೇ ಹೇಳುವಂತೆ, ಸುತ್ತಣ ವಿದ್ಯಾರ್ಥಿಗಳಿಗಾಗಿ ಹುಟ್ಟಿತು. ಅಲ್ಲಿನ ದೋಸೆಯನ್ನು ಕುರಿತು ನಾನು ವಿಶೇಷವಾಗಿ ಹೇಳಬೇಕಾದ್ದಿಲ್ಲ. ಅಂಗೈಯಿಂದ ಭುಜದವರೆಗೆ ತಟ್ಟೆಗಳನ್ನು ಜೋಡಿಸಿಕೊಂಡು ಜನರ ನಡುವೆ ನುಸುಳಿ ಬರುವ ಪರಿಚಾರಕನನ್ನು ಪರಸ್ಥಳದವರು ದೋಸೆಗಿಂತ ಹೆಚ್ಚು ಆಶ್ಚರ್ಯದಿಂದ ನೋಡುವುದುಂಟು. ಶಂಕರಪುರದಲ್ಲಿ ೧೯೬೫ರಿಂದ ಇರುವ ಪುಟ್ಟದೊಂದು ಕಾಫಿ ಅಂಗಡಿಯಲ್ಲಿ ಇಡ್ಲಿ ವಡೆಗಳಿಗೆ ಸಾಂಬಾರೇ ಇಲ್ಲ, ಚಟ್ನಿ ಮಾತ್ರ. ಆದರೂ ಜನ ಬೀದಿಯಲ್ಲಿ ನಿಂತು ತಿನ್ನುತ್ತಾರೆ. ಬಸವನಗುಡಿಗೆ ಹೋದವರು ಕಹಳೆಬಂಡೆಯನ್ನೂ ದೊಡ್ಡ ಬಸವಣ್ಣನನ್ನೂ ನೋಡಬಹುದು. ಕಾರ್ತಿಕದ ಕಡೆಯ ಸೋಮವಾರವಾದರೆ ಕಡಲೆಕಾಯಿ ಪರಿಷೆಯೂ ಉಂಟು.

ಸಸ್ಯಾಹಾರವೊಂದೇ ಬೆಂಗಳೂರಿನ ಆಹಾರವೆಂದು ಭಾವಿಸಿದರೆ ಅರ್ಧ ಊರನ್ನು ಬಿಟ್ಟಂತಾಗುತ್ತದೆ. ಪೇಟೆಯ ಸುತ್ತಿನಲ್ಲಿ ಮಿಲಿಟರಿ ಹೋಟೆಲುಗಳೆಂಬ ಹೆಸರಿನ ಮಾಂಸಾಹಾರದ ಮನೆಗಳಿವೆ. ಮುದ್ದೆಯೂ ಸಾರೂ ಬಿರಿಯಾನಿಯೂ ಅವುಗಳ ಬಂಡವಾಳ. ದಂಡಿನ ಕಡೆಗೆ ಹೋದರೆ ಶಿವಾಜಿನಗರದ ಕಬಾಬುಗಳು, ಫ್ರೇಜರ್ ಟೌನಿನ ಹಳೆಯ ಬೇಕರಿಗಳು, ರಂಜಾನ್ ತಿಂಗಳಲ್ಲಿ ರಾತ್ರಿಯೆಲ್ಲ ಎಚ್ಚರವಾಗಿರುವ ಬೀದಿಗಳು. ಕಾಫಿ ಬೋರ್ಡಿನ ಕಾಫಿ ಹೌಸುಗಳಲ್ಲಿ ಕೆಲಸ ಕಳೆದುಕೊಂಡ ನೌಕರರು ೧೯೫೭ರಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡದ್ದೂ ಈ ಊರಿನಲ್ಲಿಯೇ. ಮಹಾತ್ಮಾಗಾಂಧಿ ರಸ್ತೆಯಲ್ಲಿದ್ದ ಅವರ ಕಾಫಿ ಹೌಸು ೨೦೦೯ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು.

ಇಲ್ಲಿಯವರೆಗೆ ಹೇಳಿದ್ದು ರುಚಿಯ ವಿಷಯ. ಅದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಹಿಂದಿನ ಕಾಫಿ ಕ್ಲಬ್ಬುಗಳ ಫಲಕದ ಮೇಲೆ ಜಾತಿಯ ಹೆಸರಿದ್ದದ್ದು ಅಲಂಕಾರಕ್ಕಲ್ಲ. ಅಡಿಗೆಯವನು ಯಾರೆಂಬುದನ್ನು ಅದು ಸಾರುತ್ತಿತ್ತು. ಅನೇಕ ಕಡೆ ಒಳಗೆ ಕುಳಿತುಕೊಳ್ಳತಕ್ಕವನು ಯಾರೆಂಬುದನ್ನೂ ಸಾರುತ್ತಿತ್ತು. ಒಂದು ಜಾತಿಗೆ ಒಳಕೋಣೆ, ಮಿಕ್ಕವರಿಗೆ ಹೊರಕೋಣೆ; ಕೆಲವರಿಗೆ ಬೀದಿಯಲ್ಲಿ ನಿಂತು ತಾವೇ ತಂದ ಪಾತ್ರೆಯನ್ನು ಒಡ್ಡುವ ಅಪಮಾನ. ಉದ್ಯಾನದ ಬೆಂಚು ಇಂಥ ಭೇದವನ್ನು ಮಾಡಲಾರದು. ಅದರ ಮೇಲೆ ಯಾರು ಮೊದಲು ಬಂದರೋ ಅವರು ಕುಳಿತುಕೊಳ್ಳುತ್ತಾರೆ. ಆದರೆ ಒಟ್ಟಿಗೆ ಕುಳಿತು ಗಾಳಿ ಸೇವಿಸುವುದು ಬೇರೆ, ಒಟ್ಟಿಗೆ ಕುಳಿತು ತಿನ್ನುವುದು ಬೇರೆ. ಎರಡನೆಯದು ಬಹು ನಿಧಾನವಾಗಿ ಬಂದಿತು.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ವಿಧಿಯನ್ನು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ನಾಗರಿಕನನ್ನೂ ಹೊರಗಿಡಕೂಡದ ಸ್ಥಳಗಳನ್ನು ಅದು ಹೆಸರು ಹಿಡಿದು ಎಣಿಸುತ್ತದೆ: ಅಂಗಡಿಗಳು, ಭೋಜನಗೃಹಗಳು, ಹೋಟೆಲುಗಳು, ಬಾವಿಗಳು, ಕೆರೆಗಳು, ರಸ್ತೆಗಳು, ಸಾರ್ವಜನಿಕರು ಸೇರುವ ಸ್ಥಳಗಳು. ಒಂದು ಮಹಾರಾಷ್ಟ್ರದ ಮೂಲಶಾಸನವು ಹೋಟೆಲಿನ ಮೇಜಿನವರೆಗೆ ಇಳಿದು ಬಂದು ಮಾತನಾಡಬೇಕಾಯಿತು! ಆ ವಿಧಿಯನ್ನು ಬರೆದವರು ವಿನೋದಕ್ಕಾಗಿ ಹಾಗೆ ಬರೆಯಲಿಲ್ಲ. ಮತದಾನದ ಹಕ್ಕಿನಷ್ಟೇ ಒಂದು ಲೋಟ ಕಾಫಿಯ ಹಕ್ಕೂ ಮನುಷ್ಯನ ಗೌರವಕ್ಕೆ ಸಂಬಂಧಿಸಿದ್ದೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು.

ಕಾನೂನು ಬಾಗಿಲನ್ನು ತೆರೆಯಿತು. ಒಳಗೆ ಅಕ್ಕಪಕ್ಕದಲ್ಲಿ ಕೂಡಿಸಿದ್ದು ಊರಿನ ಅಭ್ಯಾಸ. ೧೯೮೩ರಲ್ಲಿ ಜಯನಗರದಲ್ಲಿ ದರ್ಶಿನಿಯೆಂಬ ಹೊಸಬಗೆಯ ಉಪಾಹಾರಗೃಹ ಹುಟ್ಟಿತು. ಅಡಿಗೆ ಕಣ್ಣೆದುರಿಗೆ, ಕುರ್ಚಿಯಿಲ್ಲ, ಪರಿಚಾರಕನಿಲ್ಲ, ಹಣ ಕೊಟ್ಟು ಚೀಟಿ ಪಡೆದು, ತಟ್ಟೆಯನ್ನು ತಾನೇ ತಂದು, ಎತ್ತರದ ಕಟ್ಟೆಯ ಮುಂದೆ ನಿಂತು ತಿನ್ನುವುದು. ವೆಚ್ಚ ಕಡಿಮೆಯಾದದ್ದರಿಂದ ಬೆಲೆಯೂ ಕಡಿಮೆಯಾಯಿತು. ಒಂದೇ ಕಟ್ಟೆಯ ಮುಂದೆ ಕಂಪೆನಿಯ ಅಧಿಕಾರಿ, ಆಟೋ ಚಾಲಕ, ಕಾಲೇಜಿನ ಹುಡುಗಿ ನಿಲ್ಲುತ್ತಾರೆ. ಪಕ್ಕದವನ ಜಾತಿ ಯಾರಿಗೂ ತಿಳಿಯದು, ಯಾರೂ ಕೇಳರು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ 'ಬೈ ಟು' ಎಂಬ ನಮ್ಮೂರಿನ ಪದ್ಧತಿಯೂ ಅಲ್ಲಿ ಚೆನ್ನಾಗಿ ಉಳಿದಿದೆ. ಎಂಜಲು ಮಡಿಗಳ ಲೆಕ್ಕವನ್ನು ನೂರಾರು ವರ್ಷ ಹಿಡಿದ ಸಮಾಜಕ್ಕೆ ಇದು ಸಣ್ಣ ಬದಲಾವಣೆಯಲ್ಲ.

ಹೀಗೆ ಕಷ್ಟದಿಂದ ತೆರೆದ ಬಾಗಿಲುಗಳು ತೆರೆದೇ ಇರುವುವೇ ಎಂಬುದು ಈಗಿನ ಪ್ರಶ್ನೆ. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಗಿ, ಕರಗದ ವಿಧಿಗಾಗಿ ಒಂದು ಪುಟ್ಟ ಕೊಳ ಮಾತ್ರ ಉಳಿಯಿತು. ಒಂದು ಕಾಲಕ್ಕೆ ೩೦೦ ಎಕರೆಯ ಹತ್ತಿರಕ್ಕೆ ಬೆಳೆದಿತ್ತೆಂದು ಎಣಿಸಲಾದ ಕಬ್ಬನ್ ಪಾರ್ಕು ಕಟ್ಟಡಕ್ಕಷ್ಟು, ರಸ್ತೆಗಷ್ಟು ಎಂದು ಬಿಟ್ಟುಕೊಡುತ್ತ ಇಂದು ಸುಮಾರು ೨೦೦ ಎಕರೆಗೆ ಬಂದಿದೆ. ೧೯೭೫ರಲ್ಲಿ ಸರ್ಕಾರಿ ಉದ್ಯಾನಗಳ ರಕ್ಷಣೆಗೆಂದೇ ಒಂದು ಕಾನೂನನ್ನು ಮಾಡಬೇಕಾಯಿತು. ಭಾನುವಾರ ಉದ್ಯಾನದೊಳಗಣ ರಸ್ತೆಗಳಲ್ಲಿ ವಾಹನಗಳನ್ನು ನಿಲ್ಲಿಸಿದಾಗ ಎಷ್ಟು ಮಕ್ಕಳು ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆಂಬುದನ್ನು ನೋಡಿದವರಿಗೆ, ಮಿಕ್ಕ ಆರು ದಿನ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದು ಅರ್ಥವಾಗುತ್ತದೆ. ಊರಿನ ಹೊಸ ಬಡಾವಣೆಗಳಲ್ಲಿ ಒಳ್ಳೆಯ ತೋಟಗಳಿವೆ, ಒಳ್ಳೆಯ ಭೋಜನಶಾಲೆಗಳೂ ಇವೆ. ಆದರೆ ಅನೇಕವು ಕಾವಲುಗಾರನ ಗೇಟಿನ ಒಳಗಿವೆ. ಹಿಂದೆ ಫಲಕದ ಮೇಲಿದ್ದ ಜಾತಿಯ ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ಬೆಲೆಯ ಪಟ್ಟಿ ಮಾಡುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕು. ಹಳೆಯ ಬೇಲಿಯನ್ನು ಕಿತ್ತವರು ಹೊಸದನ್ನು ನೆಟ್ಟರೆ, ಕಿತ್ತ ಶ್ರಮವೆಲ್ಲ ವ್ಯರ್ಥ.

ಆದಕಾರಣ, ಶ್ರೋತೃಗಳೇ, ಮುಂದೆ ಅತಿಥಿಯೊಬ್ಬರು ಬಂದಾಗ ಸಂಕೋಚಪಡಬೇಡಿ. ಬೆಳಗಿನ ಹೊತ್ತಿನಲ್ಲಿ ಲಾಲ್‌ಬಾಗಿನ ಬಂಡೆಯನ್ನು ಹತ್ತಿಸಿ. ಇಳಿದು ಬಂದು ಹತ್ತಿರದಲ್ಲೆಲ್ಲಾದರೂ ರವೆ ಇಡ್ಲಿಯನ್ನು ಕೊಡಿಸಿ. ಲಾಲ್‌ಬಾಗಿನ ಬಳಿ ಮೆಟ್ರೋ ರೈಲನ್ನು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿಯನ್ನು ಬದಲಾಯಿಸಿ ಕಬ್ಬನ್ ಪಾರ್ಕಿಗೆ ಹೋಗಬಹುದು. ಬದಲಾಯಿಸುವಾಗ ಪಕ್ಕದ ಬಸ್ಸು ನಿಲ್ದಾಣದ ಜಾಗದಲ್ಲಿ ಒಂದು ಕೆರೆಯಿತ್ತೆಂಬುದನ್ನು ಹೇಳಲು ಮರೆಯಬೇಡಿ. ಸಂಜೆ ಯಾವುದಾದರೊಂದು ದರ್ಶಿನಿಯಲ್ಲಿ ಬೈ ಟು ಕಾಫಿ ತೆಗೆದುಕೊಳ್ಳಿ. ಅತಿಥಿಯಿಲ್ಲದ ದಿನವೂ ತಿಂಗಳಿಗೊಮ್ಮೆಯಾದರೂ ಮನೆಮಂದಿಯೊಡನೆ ಈ ಸ್ಥಳಗಳಿಗೆ ಹೋಗಿಬನ್ನಿ. ಜನ ಹೋಗದೆ ಬಿಟ್ಟ ಉದ್ಯಾನದ ಮೇಲೆ ಯಾರ ಕಣ್ಣಾದರೂ ಬೀಳುತ್ತದೆ. ಜನ ತುಂಬಿದ ಉದ್ಯಾನವನ್ನು ಮುಟ್ಟುವುದು ಅಷ್ಟು ಸುಲಭವಲ್ಲ.